ಮೂರು ತಾಕು, ಮೂರು ಬಿತ್ತನೆ: ಮಧುಗಿರಿ ಕಡೆಯ ರಾಗಿ ಡೈರಿ

ಹೊಲ ಇರುವುದು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ. ಎರಡೂವರೆ ಎಕರೆ ಕೆಮ್ಮಣ್ಣು. ಬೋರ್‌ವೆಲ್ ಇಲ್ಲ, ಪೂರ್ತಿ ಮಳೆ ಆಶ್ರಯ. ವಾರವೆಲ್ಲ ನಾನು ತುಮಕೂರಿನಲ್ಲಿ ಕೆಲಸಕ್ಕೆ ಹೋಗುವವನು, ಶನಿವಾರ ಭಾನುವಾರ ಹೊಲದವನು. ಉಳಿದ ದಿನ ಚಿಕ್ಕಪ್ಪನ ಆಡಳಿತ. 2025ರ ಮುಂಗಾರಿನಲ್ಲಿ ನಾವು ಏನೇನು ಮಾಡಿದೆವು, ಯಾಕೆ ಮಾಡಿದೆವು ಅನ್ನುವುದನ್ನು ಮಳೆಗಳ ಹೆಸರಿನಲ್ಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಯಾರೂ ಜೂನ್, ಜುಲೈ ಅಂತ ಬಿತ್ತುವುದಿಲ್ಲ. ಆರಿದ್ರಾ, ಪುನರ್ವಸು ಅಂತ ನಕ್ಷತ್ರದ ಹೆಸರಿನ, ಎರಡೆರಡು ವಾರದ ಮಳೆಗಳನ್ನು ನೋಡಿಯೇ ಬಿತ್ತುವುದು.

ಮೊದಲು ತೊಂದರೆ ಏನು ಅಂತ ಹೇಳಬೇಕು. "ಮಳೆ ಕಡಿಮೆ ಆಗೋಯ್ತು" ಅನ್ನುವ ಮಾತು ಊರಲ್ಲೆಲ್ಲ ಇದೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತದೆ. ಹಿಂದಿನ ಕೆಲವು ವರ್ಷ ನೋಡಿ. 2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಹಿಡಿಯಿತು. ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪೀಡಿತ ಅಂತ ಘೋಷಣೆಯಾಯಿತು. 2024ರಲ್ಲಿ ಪೈರು ಚೆನ್ನಾಗಿಯೇ ಇತ್ತು, ಡಿಸೆಂಬರ್ ಶುರುವಿನಲ್ಲಿ ಫೆಂಗಲ್ ಚಂಡಮಾರುತದ ಮಳೆ ಬಂದು ಕೊಯ್ದು ಹಾಕಿದ್ದ ಪೈರಿನ ಅರಿಯನ್ನೆಲ್ಲ ನೆನೆಸಿತು. ಮೂರು ವರ್ಷ, ಮೂರು ಬಗೆಯ ಪೆಟ್ಟು. ಬಿದ್ದ ಹಂತವೂ ಬೇರೆ ಬೇರೆ. ಹಾಗಿರುವಾಗ "ಬರ ತಡೆಯೋ ತಳಿ ಯಾವುದಿದೆ ಹೇಳಿ" ಅಂತ ಕೇಳಿ ಏನು ಪ್ರಯೋಜನ? ಬರ ತಡೆದದ್ದು ಡಿಸೆಂಬರ್ ಮಳೆಗೆ ಹೋಗುತ್ತದೆ.

ಹಾಗಾಗಿ ನಾವು ಹುಡುಕಿದ್ದು ತಳಿಯನ್ನಲ್ಲ. ಎಲ್ಲ ರಾಗಿಯೂ ಒಂದೇ ದಿನ ಬಿತ್ತಿ, ಒಂದೇ ದಿನ ತೆನೆ ಬಿಟ್ಟು, ಒಂದೇ ದಿನ ಕೊಯ್ಲಿಗೆ ಬರದ ಹಾಗೆ ಹೊಲವನ್ನು ಒಡೆಯುವುದು ಹೇಗೆ ಅಂತ ನೋಡಿದೆವು. ತಗ್ಗಿನ ತಾಕು ಒಂದು ಎಕರೆ, ನಡು ತಾಕು ಅರ್ಧ ಎಕರೆ, ಮೇಲಿನ ಕಲ್ಲು ದಿಬ್ಬ ಒಂದು ಎಕರೆ. ಮೂರಕ್ಕೂ ಬೇರೆ ತಾರೀಖು, ಬೇರೆ ಬೀಜ.

ಬೀಜದ ಡಬ್ಬಗಳ ಮೇಲೆ ಬಣ್ಣದಲ್ಲಿ ಗಡುವು ಬರೆದಿದ್ದೇವೆ. ಎಂಆರ್-6 ಅನ್ನುವ ರಾಗಿ ತಳಿ ಸುಮಾರು 120 ದಿನದ್ದು. ಜುಲೈ 15 ದಾಟಿದರೆ ಆ ಡಬ್ಬ ಬಿಚ್ಚುವಂತಿಲ್ಲ. ಜಿಪಿಯು-28 ಮತ್ತು ಎಂಎಲ್-365 ಮಧ್ಯಮಾವಧಿಯವು, ಸುಮಾರು 110 ದಿನ. ಅವಕ್ಕೆ ಆಗಸ್ಟ್ ಮೊದಲ ವಾರದವರೆಗೆ ಅವಕಾಶ. ಕೆಎಂಆರ್-630 ನೂರು ದಿನದೊಳಗೆ ಬರುತ್ತದೆ, ಅದು ಆಗಸ್ಟ್ ಕೊನೆಯವರೆಗೂ ಕಾಯುತ್ತದೆ. ಅದೂ ತಪ್ಪಿದರೆ ಹುರುಳಿ. ಈ ಗಡುವುಗಳನ್ನು ನಾವೇ ಸ್ವಲ್ಪ ಬಿಗಿಯಾಗಿ ಇಟ್ಟುಕೊಂಡಿದ್ದೇವೆ. ನಮ್ಮ ಮಣ್ಣು ತೆಳು, ಕೊನೆಯ ಮಳೆಯನ್ನು ನಂಬಿಕೊಂಡು ಕೂರುವ ಧೈರ್ಯ ಇಲ್ಲ.

ಇದೇನು ಹೊಸ ಜ್ಞಾನ ಅಲ್ಲ ಬಿಡಿ. ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದ ರಾಗಿ ಲಕ್ಷ್ಮಣಯ್ಯನವರು ಒಂದೊಂದು ಹಂಗಾಮಿಗೆ ಒಂದೊಂದು ತಳಿ ಮಾಡಿಟ್ಟು ಹೋದರು. ನಡುವೆ ನಾವೇ ಆಲಸ್ಯಕ್ಕೆ ಬಿದ್ದು, ಅಂಗಡಿಯಲ್ಲಿ ಸಿಕ್ಕ ಒಂದೇ ಬೀಜ ತಂದು ಊರೆಲ್ಲ ಒಟ್ಟಿಗೆ ಬಿತ್ತುವುದಕ್ಕೆ ಶುರು ಮಾಡಿದೆವು.

ಭರಣಿ, ಕೃತ್ತಿಕೆ

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಾರೆ. ಈ ಸಲ ಮೇ ತಿಂಗಳಲ್ಲಿ ಮಳೆ ಜೋರಾಗಿಯೇ ಬಂತು. ಕೇರಳಕ್ಕೆ ಮುಂಗಾರು ಮುಟ್ಟಿದ್ದು ಮೇ 24ಕ್ಕೆ, ವಾರಕ್ಕೂ ಮೊದಲೇ. ಊರಲ್ಲಿ ಕೆಲವರು ಆ ಹದಕ್ಕೇ ರಾಗಿ ಬಿತ್ತಿಬಿಟ್ಟರು. ಚಿಕ್ಕಪ್ಪನಿಗೂ ಕೈ ತುರಿಸುತ್ತಿತ್ತು. ನಾವು ತಗ್ಗು ಮತ್ತು ನಡು ತಾಕಿಗೆ ಹಸಿರೆಲೆ ಗೊಬ್ಬರಕ್ಕೆ ಅಂತ ಅಪ್ಸೆಣಬು ಎರಚಿದೆವು, ದಿಬ್ಬಕ್ಕೆ ಅಲಸಂದೆ. ಮೇ ಮಳೆ ರಾಗಿಗಲ್ಲ, ಮಣ್ಣಿಗೆ ಅನ್ನುವುದು ಈಗ ನಮ್ಮ ಲೆಕ್ಕ. ಅಪ್ಸೆಣಬು ಹೂ ಬಿಡುವ ಹೊತ್ತಿಗೆ ಮಗುಚಿ ಹಾಕಿದರೆ ಸಾರಜನಕವೂ ಸಿಕ್ಕಿತು, ಮಣ್ಣು ಹಸಿ ಹಿಡಿಯುವುದೂ ಜಾಸ್ತಿಯಾಯಿತು.

ಹೊಂಡ ಅರ್ಧಕ್ಕಿಂತ ಮೇಲೆ ತುಂಬಿದ್ದೂ ಇದೇ ಮಳೆಯಲ್ಲಿ. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೃಷಿ ಹೊಂಡ ಅಂದರೆ ನೀರಾವರಿ ಅಂದುಕೊಳ್ಳುವವರು ಬಹಳ. ನಮ್ಮದು ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡದ ಅಳತೆಗಳಲ್ಲಿ ಇದೂ ಒಂದು. ಬದಿಗಳು ಇಳಿಜಾರಾದ್ದರಿಂದ ತಳದಲ್ಲಿ ಉಳಿಯುವುದು ಆರು ಮೀಟರ್ ಚೌಕ. ಹಿಡಿಯುವ ನೀರು ಎರಡೂವರೆ ಲಕ್ಷ ಲೀಟರು. ಕೇಳುವುದಕ್ಕೆ ಭಾರೀ ಅನ್ನಿಸುತ್ತದೆ. ಆದರೆ ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೇ ನಾಲ್ಕು ಸಾವಿರ ಲೀಟರು. 25 ಮಿ.ಮೀ. ಮಳೆಯಷ್ಟು ನೀರು ಕೊಡಬೇಕಾದರೆ ಎಕರೆಗೆ ಒಂದು ಲಕ್ಷ ಲೀಟರು. ಅಂದರೆ ಹೊಂಡ ತುಂಬಿ ತುಳುಕಿದರೂ ಒಂದು ಎಕರೆಗೆ ಎರಡು ಸಲದ ನೀರು. ಬಿಸಿಲಿಗೆ ಆವಿಯಾಗುವುದು ಬೇರೆ. ಅಷ್ಟು ಕಡಿಮೆ ಇರುವುದನ್ನು ಎಲ್ಲಿ, ಯಾವತ್ತು ಖರ್ಚು ಮಾಡಬೇಕು ಅನ್ನುವುದೇ ಇಡೀ ಆಟ. ಹೊಂಡ ತೋಡಿಸುವವರು ಸುತ್ತ ಬೇಲಿ ಹಾಕಿಸಿ. ಟಾರ್ಪಾಲಿನ ಇಳಿಜಾರಿನಲ್ಲಿ ಜಾರಿ ಬಿದ್ದ ಮಗು ಮೇಲೆ ಹತ್ತಲಾರದು.

ಬದುವಿನ ಪಕ್ಕ ಕಂದಕ ತೆಗೆಯುವ ಉಪಾಯ ಕಂಡದ್ದು ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ. 2011ರಲ್ಲಿ ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಶುರು ಮಾಡಿದ, ಹವಾಮಾನ ಬದಲಾವಣೆಗೆ ಬೇಸಾಯವನ್ನು ಹೊಂದಿಸುವ ನಿಕ್ರಾ ಯೋಜನೆಯಡಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಆ ಊರಿನಲ್ಲಿ ಕೆಲಸ ಮಾಡಿದರು. ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ, ಅದೇ ಮಣ್ಣಿನಿಂದ ಬದು ಕಟ್ಟುವುದು. ನೀರು ಓಡುವುದಿಲ್ಲ, ನಿಂತು ಇಂಗುತ್ತದೆ. ನಮ್ಮ ದಿಬ್ಬಕ್ಕೆ ಇದು ಹೇಳಿ ಮಾಡಿಸಿದ್ದು.

ಆರಿದ್ರಾ

"ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ." ಈ ಸಲ ಎರಡನೆಯದೇ. ಗಾಳಿ ಬೀಸಿತು, ಮೋಡ ಓಡಿತು, ಮಾಪಕದ ತಳ ಒದ್ದೆಯಾದದ್ದಷ್ಟೇ. ಮೇ ಹದಕ್ಕೆ ಬಿತ್ತಿದವರ ಪೈರು ಬಾಡತೊಡಗಿತು.

ಮಳೆ ಮಾಪಕದ ಬಗ್ಗೆ ಒಂದು ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಾಪಕ ಇಟ್ಟಿದ್ದಾರೆ, ವರುಣ ಮಿತ್ರಕ್ಕೆ ಫೋನ್ ಮಾಡಿದರೆ ಮುನ್ಸೂಚನೆ ಹೇಳುತ್ತಾರೆ. ನಾನು ಶುಕ್ರವಾರ ರಾತ್ರಿ ತಪ್ಪದೆ ಕೇಳುತ್ತೇನೆ. ಆದರೂ ಹೊಲದಲ್ಲಿ ನಮ್ಮದೇ ಒಂದು ಇರಬೇಕು. ಊರ ಮುಂದೆ ಹುಯ್ದ ಮಳೆ ಒಂದು ಮೈಲಿ ಆಚೆಯ ಹೊಲಕ್ಕೆ ಹನಿಯೂ ಹಾಕದೆ ಹೋದದ್ದನ್ನು ಎಷ್ಟು ಸಲ ನೋಡಿಲ್ಲ!

ಆರಿದ್ರಾ ಕೈಕೊಟ್ಟರೂ ನಾವು ಸುಮ್ನೆ ಕೂರಲಿಲ್ಲ. ಜೂನ್ ಕೊನೆಗೆ ಹೊಂಡದ ಪಕ್ಕ ಒಂದು ಗುಂಟೆಯಲ್ಲಿ ಎಂಎಲ್-365 ಒಟ್ಟಲು, ಅಂದರೆ ಸಸಿ ಮಡಿ, ಹಾಕಿದೆವು. ಗುಳಿ ರಾಗಿಗೆ. ಇದು ಹಾವೇರಿ ಕಡೆಯ ರೈತರ ಹಳೆಯ ಪದ್ಧತಿ. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಒಂದು ಹಿಡಿ ಗೊಬ್ಬರ, ಎರಡು ಸಸಿ. ಎಕರೆಗೆ ಅರ್ಧ ಕೆಜಿ ಆಸುಪಾಸು ಬೀಜ ಸಾಕು, ಕೂರಿಗೆಯಲ್ಲಿ ಸಾಲು ಬಿತ್ತುವುದಕ್ಕೆ ನಾಲ್ಕೈದು ಕೆಜಿ ಬೇಕು. ಎಲ್ಲರೂ ಇದರ ತೆಂಡೆಯನ್ನು, ಅಂದರೆ ಬುಡದಿಂದ ಒಡೆಯುವ ಕವಲುಗಳನ್ನು, ಹೊಗಳುತ್ತಾರೆ. ನನಗೆ ಬೇಕಾದದ್ದು ಅದಲ್ಲ. ಒಂದು ಗುಂಟೆ ಒಟ್ಟಲಿಗೆ 10 ಮಿ.ಮೀ. ನೀರು ಅಂದರೆ ಸಾವಿರ ಲೀಟರು. ಅದೇ ಎಕರೆಗೆ ಕೊಡಬೇಕಾದರೆ 40 ಸಾವಿರ. ಮಳೆ ಮೂರು ವಾರ ತಡವಾದರೂ ಪೈರಿನ ವಯಸ್ಸು ನಿಲ್ಲುವುದಿಲ್ಲ, ಅದು ಒಟ್ಟಲಿನಲ್ಲಿ ಬೆಳೆಯುತ್ತಲೇ ಇರುತ್ತದೆ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಬಡ್ಡಿ ಬಂದ ಹಾಗೆ. ಇಡೀ ಹಂಗಾಮಿನಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದೇ.

ಪುನರ್ವಸು, ಪುಷ್ಯ

ಜುಲೈ 15 ಬಂತು, ಹೋಯಿತು. ಹದ ಮಳೆ ಇಲ್ಲ. ಎಂಆರ್-6 ಡಬ್ಬ ಮುಚ್ಚಿಯೇ ಉಳಿಯಿತು. ಇಲ್ಲಿ ಮನೆಯಲ್ಲಿ ಸಣ್ಣ ಜಗಳ. ದೀರ್ಘಾವಧಿ ರಾಗಿ ಎತ್ತರ ಬೆಳೆಯುತ್ತದೆ, ಹುಲ್ಲು ಜಾಸ್ತಿ. ಚಿಕ್ಕಪ್ಪನ ಎರಡು ಹಸುಗಳಿಗೆ ಹುಲ್ಲೇ ಮುಖ್ಯ. "ಕಾಳು ಸೊಸೈಟೀಲಿ ಸಿಗುತ್ತೆ, ಹುಲ್ಲು ಯಾರು ಕೊಡ್ತಾರೆ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ರಾಗಿಯ ಬಗ್ಗೆ ಮಾತಾಡುವ ತಜ್ಞರು ಎಷ್ಟೋ ಸಲ ಹುಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊನೆಗೆ ತಗ್ಗಿನ ತಾಕಿನ ಸುತ್ತ ನಾಲ್ಕು ಸಾಲು ಮೇವಿನ ಜೋಳ ಹಾಕುವುದು ಅಂತ ರಾಜಿಯಾಯಿತು.

ಪುಷ್ಯ ಮಳೆ ಶುರುವಾಗುತ್ತಿದ್ದ ಹಾಗೆ ಎರಡು ರಾತ್ರಿ ಒಳ್ಳೆಯ ಮಳೆ. ತಗ್ಗಿಗೆ ಜಿಪಿಯು-28 ಕೂರಿಗೆಯಲ್ಲಿ ಬಿತ್ತಿದೆವು. ಎಂಟು ಸಾಲಿಗೆ ಒಂದು ಅಕ್ಕಡಿ ಸಾಲು, ಅಂದರೆ ಬೇರೆ ಬೆಳೆಗಳ ಮಿಶ್ರ ಸಾಲು. ಅದರಲ್ಲಿ ಅವರೆ, ನಡುನಡುವೆ ತೊಗರಿ, ಅಂಚಿಗೆ ಹುಚ್ಚೆಳ್ಳು, ಹರಳು. ಅಜ್ಜಿಯ ಕಾಲದಲ್ಲಿ ಇದನ್ನು ಯಾರೂ ಹವಾಮಾನ ಹೊಂದಾಣಿಕೆ ಅನ್ನಲಿಲ್ಲ, ಸಾರಿಗೆ ಕಾಳು ಬೇಕಲ್ಲ ಅಂತ ಹಾಕುತ್ತಿದ್ದರು. ಅವರೆ, ತೊಗರಿಯ ಬೇರು ಆಳ. ರಾಗಿ ಕೊಯ್ದ ಮೇಲೂ ಅವು ನಿಂತಿರುತ್ತವೆ. ಇಬ್ಬನಿ ಬಿದ್ದ ಮೇಲೆ ಸೊಗಡವರೆ.

ಅದೇ ವಾರ ನಡು ತಾಕಿಗೆ ಸಸಿ ನಾಟಿ. ಅರ್ಧ ಎಕರೆಗೆ ಹತ್ತಿರ ಹತ್ತಿರ ಹತ್ತು ಸಾವಿರ ಗುಳಿ! ಸೊಂಟ ಬಿದ್ದು ಹೋಯಿತು. ಗುಳಿ ರಾಗಿ ಎಲ್ಲ ಕಡೆ ಹಬ್ಬದಿರುವುದಕ್ಕೆ ಕಾರಣ ಇಲ್ಲೇ ಇದೆ. ಕೂಲಿಗೆ ಜನ ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಅದಕ್ಕೇ ಅರ್ಧ ಎಕರೆಗೆ ನಿಲ್ಲಿಸಿದ್ದು. ಮುಂದೆ ಪೈರಿನ ಮೇಲೆ ಮರದ ಕೊರಡು ಎಳೆಯಬೇಕು. ಎಳೆ ಪೈರು ಬಗ್ಗಿ, ಬುಡದಿಂದ ಹೊಸ ತೆಂಡೆ ಒಡೆಯುತ್ತದೆ. ನೋಡುವವರಿಗೆ ಹೊಲ ಹಾಳು ಮಾಡಿದ ಹಾಗೆ ಕಾಣುತ್ತದೆ. ಎತ್ತು ಇರುವ ಮನೆ ಊರಲ್ಲಿ ಬೆರಳೆಣಿಕೆ, ಹಾಗಾಗಿ ನಾನೂ ತಮ್ಮನೂ ಹಗ್ಗ ಕಟ್ಟಿ ಎಳೆದೆವು.

ಮಖೆ

ದಿಬ್ಬದ ಅಲಸಂದೆ ಕಾಯಿ ಬಿಡಿಸಿ ಬಳ್ಳಿ ಹಸುವಿಗೆ ಹಾಕಿ ಆಗಿತ್ತು. ಮಖೆಯಲ್ಲಿ ಹದವಾದ ಕೂಡಲೇ ಮುಕ್ಕಾಲು ಪಾಲಿಗೆ ಕೆಎಂಆರ್-630 ಬಿತ್ತಿದೆವು. ತೀರ ಕಲ್ಲಿರುವ ಕಡೆ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಹುರುಳಿ ಚೆಲ್ಲಿದೆವು. ಅಷ್ಟೇ. ನವಿಲುಗಳ ಕಾಟ ಹೇಳತೀರದು.

ಹುಬ್ಬೆ, ಉತ್ತರೆ

ಮತ್ತೆ ಒಣ ಹವೆ. ರಾಗಿ ಎಳೆ ಪೈರಾಗಿದ್ದಾಗ ಬಾಯಾರಿಕೆ ತಡೆಯುತ್ತದೆ, ಬಾಡಿದ್ದು ಒಂದು ಮಳೆಗೆ ಚಿಗುರುತ್ತದೆ. ತೆನೆ ಹೊರಡುವ ಹೊತ್ತಿಗೆ ತಡೆಯುವುದಿಲ್ಲ. ಆಗ ನೀರು ತಪ್ಪಿದರೆ ಜೊಳ್ಳು. ಹೊಲವನ್ನು ಒಡೆದ ಲಾಭ ನನಗೆ ಕಣ್ಣಿಗೆ ಕಂಡದ್ದು ಇಲ್ಲಿ. ತೆನೆ ಹೊರಡುತ್ತಿದ್ದದ್ದು ನಡು ತಾಕಿನಲ್ಲಿ ಮಾತ್ರ. ತಗ್ಗಿನದು ಇನ್ನೂ ತೆಂಡೆ ಒಡೆಯುತ್ತಿತ್ತು, ದಿಬ್ಬದ್ದು ಎಳೆ ಪೈರು. ಹಾಗಾಗಿ ಎರಡೂವರೆ ಎಕರೆಗೆ ನೀರು ಹೊಂದಿಸುವ ಗೋಳು ಇರಲಿಲ್ಲ. ಅರ್ಧ ಎಕರೆಗೆ 25 ಮಿ.ಮೀ. ಅಂದರೆ 50 ಸಾವಿರ ಲೀಟರು. ಹೊಂಡದಲ್ಲಿ ಅಷ್ಟು ಇತ್ತು. ಬಾಡಿಗೆ ಪಂಪು ತಂದು ಸಾಲಿನಲ್ಲಿ ಬಿಟ್ಟೆವು. ಮೂರೂ ತಾಕು ಒಟ್ಟಿಗೆ ತೆನೆ ಬಿಟ್ಟಿದ್ದರೆ ಎರಡೂವರೆ ಲಕ್ಷ ಬೇಕಿತ್ತು, ಅಂದರೆ ತುಂಬಿದ ಹೊಂಡವೇ ಬರಿದಾಗಬೇಕಿತ್ತು.

ನಮ್ಮ ಸುತ್ತ ಈ ಹೊತ್ತಿಗೆ ಸಾವಿರ ಅಡಿ ಬೋರ್ ಕೊರೆಸಿ ಅಡಿಕೆ ಇಟ್ಟವರೂ ಇದ್ದಾರೆ. ಮಳೆ ನಂಬಲಾಗದು ಅಂತ ಅವರೂ ಹೊಂದಿಕೊಂಡದ್ದೇ. ಆದರೆ ಅಡಿಕೆ ಗಿಡಕ್ಕೆ "ಈ ವರ್ಷ ಮಲಗಿರು" ಅನ್ನುವ ಹಾಗಿಲ್ಲ. ನೀರು ನಿಂತ ವರ್ಷ ಟ್ಯಾಂಕರ್ ತರಿಸಬೇಕು. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಡಿಕೆಯ ಮುಂದೆ ಅದು ಏನೂ ಅಲ್ಲ, ಒಪ್ಪುತ್ತೇನೆ. ಸಂಬಳ ಬರುವ ನಾನು ಅವರಿಗೆ ಬುದ್ಧಿ ಹೇಳುವುದಕ್ಕೆ ಹೋಗುವುದಿಲ್ಲ.

ಹಸ್ತ, ಚಿತ್ತೆ, ಸ್ವಾತಿ

ಮಳೆ ತಿರುಗಿ ಬಂತು. ತಗ್ಗಿನ ತಾಕು ತೆನೆ ಬಿಡುವ ಹೊತ್ತಿಗೆ ಸರಿಯಾಗಿ ಬಂತು, ನೀರು ಎತ್ತಬೇಕಾಗಲಿಲ್ಲ. ಮೋಡ, ಜಡಿ ಜಾಸ್ತಿಯಾದಾಗ ಹೆದರಿಕೆ ಇಲುಕು ರೋಗದ್ದು. ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಕಟ್ಟುವುದಿಲ್ಲ. ಜಿಪಿಯು-28ಕ್ಕೆ ಅದನ್ನು ತಡೆಯುವ ಗುಣ ಇದೆ. ಅಲ್ಲೊಂದು ಇಲ್ಲೊಂದು ತೆನೆ ಬಿಟ್ಟರೆ ನಮ್ಮದು ಉಳಿಯಿತು.

ಗುಳಿ ರಾಗಿ ಕೊಯ್ಲು ಮುಗಿದಿದೆ. ಬುಡ ದಪ್ಪ, ಗಾಳಿಗೆ ಮಲಗಲಿಲ್ಲ. ಎರಡು ಮಳೆಗಳ ನಡುವೆ ಸಿಕ್ಕ ಬಿಸಿಲಿನಲ್ಲಿ ಕೊಯ್ದು, ಒಣಗಿಸಿ, ಮೆದೆ ಒಟ್ಟಿ ಟಾರ್ಪಾಲು ಹೊದಿಸಿದ್ದೇವೆ. ಎಷ್ಟು ಚೀಲ ಅಂತ ಒಕ್ಕಣೆಯಾದ ಮೇಲೆ ಹೇಳುತ್ತೇನೆ, ತೆನೆ ನೋಡಿ ಅಂದಾಜು ಕೊಚ್ಚುವುದು ನನಗೆ ಸೇರುವುದಿಲ್ಲ.

ವಿಶಾಖೆ, ಈಗಿನ ಸ್ಥಿತಿ

ತಗ್ಗಿನ ಜಿಪಿಯು-28 ಈ ವಾರಾಂತ್ಯ ಕೊಯ್ಲು. ದಿಬ್ಬದ್ದು ಹಾಲುಗಾಳು ದಾಟಿ ಗಟ್ಟಿಯಾಗುತ್ತಿದೆ, ತಿಂಗಳ ಕೊನೆಗೆ ಬರಬಹುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ಈಗ ಚಿಂತೆ ಅಷ್ಟು ತುಂಡಿನದು ಮಾತ್ರ. ಅವರೆ ಹೂ ಬಿಟ್ಟಿದೆ, ಮೋಡ ಹೀಗೇ ಮುಂದುವರಿದರೆ ಹುಳು ಬೀಳುತ್ತದೆ. ಅದಕ್ಕೆ ಬೇವಿನ ಬೀಜದ ಕಷಾಯ ನೆನೆಹಾಕಿದ್ದೇವೆ.

ಮುಂದಿನ ಕೆಲಸ: ಕೊಯ್ಲಿಗೆ ಮೊದಲೇ ತಗ್ಗಿನ ತಾಕಿನಲ್ಲಿ ಬೀಜದ ತೆನೆ ಆರಿಸಿ ದಾರ ಕಟ್ಟಬೇಕು. ಬಿತ್ತನೆ ಕಾಲಕ್ಕೆ ಬೇಕಾದ ತಳಿ ಎಲ್ಲೂ ಸಿಗುವುದಿಲ್ಲ, ಈ ಸಲ ಕೆಎಂಆರ್-630ಕ್ಕೆ ಅಲೆದದ್ದು ಸಾಕಾಗಿದೆ. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣು ದಿಬ್ಬಕ್ಕೆ ಹೊಡೆಸಬೇಕು, ಟ್ರ್ಯಾಕ್ಟರ್‌ನವನ ಹತ್ತಿರ ಮಾತಾಗಿದೆ. ಎಂಆರ್-6 ಡಬ್ಬವನ್ನು ಚಿಕ್ಕಪ್ಪ ಬೂದಿ ಬೆರೆಸಿ ಮತ್ತೆ ಮುಚ್ಚಿಟ್ಟಿದ್ದಾರೆ. ಬರುವ ವರ್ಷ ಜುಲೈ 15ರ ಗಡುವನ್ನು 20 ಮಾಡಬೇಕು ಅಂತ ಅವರ ವಾದ, ಅದಿನ್ನೂ ತೀರ್ಮಾನವಾಗಿಲ್ಲ.