ಶಿರೋಲಿಯಲ್ಲಿ ನೋಡಿದ ಯುಟಿಎಂ

ಬೆಳಗಾವಿ, ಶನಿವಾರ, 18 ನವೆಂಬರ್ 2023

ನಮ್ಮ ಎರಕದ ಫೌಂಡ್ರಿಗೆ ಸ್ವಂತ ಟೆನ್ಸೈಲ್ ಮಷಿನ್, ಅಂದರೆ ಟೆಸ್ಟ್ ಬಾರನ್ನು ಎಳೆದು ಮುರಿದು ಲೋಹದ ಬಲ ಅಳೆಯುವ ಯಂತ್ರ, ಬೇಕು ಅನ್ನುವುದು ಹಳೆಯ ಮಾತು. ಈಗ ಟೆಸ್ಟ್ ಬಾರ್‌ಗಳನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತೇವೆ. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಆ ಹೀಟಿನ (ಒಂದು ಸಲ ಕರಗಿಸಿದ ಕಬ್ಬಿಣದ) ಕಾಸ್ಟಿಂಗ್‌ಗಳು ಫೆಟ್ಲಿಂಗ್ (ಉಜ್ಜಿ ಸವರುವ ಕೆಲಸ) ಮುಗಿಸಿ ಪೇಂಟಿಗೆ ನಿಂತಿರುತ್ತವೆ. ಹೊಸ ಮಷಿನ್ ಸದ್ಯಕ್ಕೆ ಕೈಗೆಟುಕುವುದಿಲ್ಲ. ಕೊಲ್ಹಾಪುರದ ಶಿರೋಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿದ ಫೌಂಡ್ರಿಯೊಂದರ ಲ್ಯಾಬ್ ಸಾಮಾನು ಮಾರಾಟಕ್ಕಿದೆ ಎಂದು ಡೀಲರ್ ಫೋನ್ ಮಾಡಿದ್ದ. ದೀಪಾವಳಿ ಗದ್ದಲ ಮುಗಿದಿತ್ತು, ಮೇಂಟೆನೆನ್ಸ್ ನೋಡಿಕೊಳ್ಳುವ ಮಾಮಾನನ್ನು ಕರೆದುಕೊಂಡು ಇಂದು ಹೋಗಿ ಬಂದೆ.

40 ಟನ್ನಿನ ಹಳೆಯ ಹೈಡ್ರಾಲಿಕ್ ಯುಟಿಎಂ (ಯುನಿವರ್ಸಲ್ ಟೆಸ್ಟಿಂಗ್ ಮಷಿನ್), ಡಯಲ್ ಇರುವಂಥದ್ದು. ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ಪಂಪ್ ಶುರು ಮಾಡಿ, ಟಿಎಂಟಿ ಸರಳೊಂದನ್ನು ಎಳೆದು ತುಂಡು ಮಾಡಿ ತೋರಿಸಿದ ಡೀಲರ್, "ಬಘಾ, ಏಕ್‌ದಮ್ ಚಾಲೂ ಆಹೆ" (ನೋಡಿ, ಪೂರ್ತಿ ಚಾಲೂ ಇದೆ) ಅಂದ. ಮಷಿನ್ ಸರಳು ಮುರಿಯುತ್ತದೆ ಅನ್ನುವುದು ನನಗೆ ಸಾಲದು. ಲೇತ್ ತಪ್ಪಿದರೆ ಜಾಬ್‌ನಲ್ಲೇ ಕಾಣುತ್ತದೆ, ಮೈಕ್ರೋಮೀಟರ್ ಹಿಡಿದರೆ ಸಿಕ್ಕಿಬೀಳುತ್ತದೆ. ಟೆಸ್ಟಿಂಗ್ ಮಷಿನ್ನೇ ತಪ್ಪು ಹೇಳಿದರೆ ಅದನ್ನು ಹಿಡಿಯುವವರು ಯಾರು? ಕೆಟ್ಟ ಹೀಟ್ ಪಾಸಾಗಿ ಗಿರಾಕಿಯ ಪಂಪಿನೊಳಗೆ ಸೇರಿಬಿಡುತ್ತದೆ.

ಅದಕ್ಕೇ ಒಂದೇ ಹೀಟಿನ ಬಾರ್‌ಗಳನ್ನು ಮೊದಲೇ ಲೇತಿನಲ್ಲಿ ತಿರುವಿಸಿ, ಕೆಲವನ್ನು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಮುರಿಸಿ, ಉಳಿದವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ನಮ್ಮದು ಎಫ್‌ಜಿ 260 ದರ್ಜೆಯ ಎರಕದ ಕಬ್ಬಿಣ. ಭಾರತೀಯ ಮಾನದಂಡ ಐಎಸ್ 210 ಪ್ರಕಾರ ಎಳೆತದ ಬಲ ಕನಿಷ್ಠ 260 ಮೆಗಾಪಾಸ್ಕಲ್ ಬರಬೇಕು. ಲ್ಯಾಬಿನಲ್ಲಿ ಬಂದದ್ದು 268. 20 ಮಿ.ಮೀ ವ್ಯಾಸದ ಬಾರ್‌ಗೆ ಅದು ಸುಮಾರು 84 ಕಿಲೋನ್ಯೂಟನ್, ಅಂದರೆ ಎಂಟೂವರೆ ಟನ್. ಹೀಗಾಗಿ 40 ಟನ್ನಿಗೆ ಮಷಿನ್ ಸರಿಯಿದೆಯೋ ಇಲ್ಲವೋ ನಮಗೆ ಮುಖ್ಯವಲ್ಲ, 100 ಕಿಲೋನ್ಯೂಟನ್ ರೇಂಜಿನಲ್ಲಿ ಸರಿಯಿರಬೇಕು. ಡೀಲರ್ ತೋರಿಸಿದ್ದು ದೊಡ್ಡ ರೇಂಜಿನಲ್ಲಿ.

ರೇಂಜ್ ಬದಲಿಸಿ ನಮ್ಮ ಬಾರ್ ಹಾಕಿದೆವು. ಟಪ್ ಎಂದು ಮುರಿಯಿತು, ಗರಿಷ್ಠ ಭಾರದಲ್ಲೇ ಉಳಿಯುವ ಕೆಂಪು ಕಾಂಟಾ (ಮುಳ್ಳು) 91 ಕಿಲೋನ್ಯೂಟನ್‌ನಲ್ಲಿ ನಿಂತಿತ್ತು. ಲೆಕ್ಕ ಹಾಕಿದರೆ ಸುಮಾರು 290 ಮೆಗಾಪಾಸ್ಕಲ್. ಎರಕದ ಕಬ್ಬಿಣದಲ್ಲಿ ಬಾರಿನಿಂದ ಬಾರಿಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ದದ್ದೇ, ಆದರೆ ಉಳಿದ ಬಾರ್‌ಗಳೂ ಅಲ್ಲೇ ಸುತ್ತಮುತ್ತ ಬಂದವು. ನೂರಕ್ಕೆ ಎಂಟು ಹೆಚ್ಚು! ಈ ಮಷಿನ್ನನ್ನು ನಂಬಿದರೆ 245ರ ಬಾರ್ ಕೂಡ 264 ಆಗಿ ಪಾಸಾಗುತ್ತದೆ.

ಮಾಮಾ ಏನೂ ಮಾತಾಡದೆ ಬಾರ್ ಹಾಕದೆ ಟೇಬಲ್ಲನ್ನು ನಿಧಾನ ಎತ್ತಿ ಇಳಿಸಿ ನೋಡಿದ. ಸೊನ್ನೆಗೆ ಹೊಂದಿಸಿದ ಮೇಲೆ ಕಾಂಟಾ ಅಲ್ಲೇ ಇರಬೇಕು, ಅದು ನಡುನಡುವೆ ಜಿಗಿಯಿತು. ಆಮೇಲೆ ಸ್ಪಿರಿಟ್ ಲೆವೆಲ್ ಇಟ್ಟ. ಗುಳ್ಳೆ ಒಂದು ಪಕ್ಕಕ್ಕೆ ಓಡಿತು. "ಸಾಹೇಬ್ರ, ಇದು ಸಪಾಟ ಕುಂತಿಲ್ರಿ. ರ‍್ಯಾಮ್ ಒಂದ ಬಾಜೂ ತಿಕ್ಕಾಕತ್ತೈತಿ" ಅಂದ. ರ‍್ಯಾಮ್ ಅಂದರೆ ಟೇಬಲ್ಲನ್ನು ಎತ್ತುವ ಪಿಸ್ಟನ್. ಫೌಂಡೇಶನ್ ಬೋಲ್ಟ್ ಒಂದು ಸಡಿಲಾಗಿತ್ತು. ಈ ಜಾತಿಯ ಮಷಿನ್ನು ಎಣ್ಣೆಯ ಒತ್ತಡವನ್ನೇ ಅಳೆಯುತ್ತದೆ. ರ‍್ಯಾಮ್ ಸಿಲಿಂಡರಿಗೆ ತಿಕ್ಕಿದರೆ ಆ ತಿಕ್ಕಾಟದ ಭಾರವೂ ಬಾರಿನ ಲೆಕ್ಕಕ್ಕೆ ಸೇರುತ್ತದೆ. ಬರೀ ಲೆವೆಲ್ ದೋಷವಾದರೆ ಸರಿಹೋಗುತ್ತದೆ, ರ‍್ಯಾಮಿಗೇ ಗೀರು ಬಿದ್ದಿದ್ದರೆ ತಗೊಳ್ಳುವುದು ವ್ಯರ್ಥ. ಬ್ಯಾಟರಿ ಹಿಡಿದು ಕಾಣುವಷ್ಟು ನೋಡಿದೆವು, ಗೀರು ಕಾಣಲಿಲ್ಲ. ಬಾರನ್ನು ಕಚ್ಚಿ ಹಿಡಿಯುವ ಜಾ (jaw) ಗಳ ಹಲ್ಲು ಮಾತ್ರ ಸವೆದಿವೆ, ಹೊಸವು ಬೇಕು.

ಗುಂಡು ಒತ್ತಿ ಗುಳಿಯಿಂದ ಗಡಸುತನ ಅಳೆಯುವ ಬ್ರಿನೆಲ್ ಮಷಿನ್ ಚೆನ್ನಾಗಿದೆ. ಗಡಸುತನ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಬ್ಲಾಕಿನ ಮೇಲೆ ಸರಿಯಾಗಿ ಬಂತು. ಅದರ ಮೈಕ್ರೋಸ್ಕೋಪ್ ಮಾತ್ರ ಬೇಡ, ಗಾಜು ಮಬ್ಬಾಗಿದೆ. 3000 ಕೆ.ಜಿ. ಲೋಡ್, 10 ಮಿ.ಮೀ ಗುಂಡು, ಗುಳಿ 4 ಮಿ.ಮೀ ಅಂತ ಓದಿದರೆ ಗಡಸುತನ 229, 4.1 ಅಂತ ಓದಿದರೆ 217. ಕಣ್ಣಿಗೆ ಮಬ್ಬು ಕಂಡರೆ ಹನ್ನೆರಡು ಪಾಯಿಂಟ್ ಹೋಯಿತು. ಲೋಹದಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋಮೀಟರ್ ಕೂಡ ತೋರಿಸಿದರು. ಆರ್ಗಾನ್, ಸಾಫ್ಟ್‌ವೇರ್, ರೆಫರೆನ್ಸ್ ಸ್ಯಾಂಪಲ್‌ಗಳ ಖರ್ಚು ನೆನೆದು ಅದರ ದರವನ್ನೇ ಕೇಳಲಿಲ್ಲ.

ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದ ಡೀಲರ್. ಒಪ್ಪಲಿಲ್ಲ. ಗಿರಾಕಿಯ ಆಡಿಟರ್ ಬಂದು ಸೀರಿಯಲ್ ನಂಬರ್ ಸಮೇತ ಕಾಗದ ಕೇಳುತ್ತಾರೆ, 18% ಜಿಎಸ್‌ಟಿ ಕೊಟ್ಟೇ ತಗೊಳ್ಳುವುದು. ಅವನ ಹತ್ತಿರ ಇದ್ದ ಕ್ಯಾಲಿಬ್ರೇಶನ್ (ಮಷಿನ್ನಿನ ಅಳತೆ ಸರಿಯಿದೆಯೇ ಎಂಬ ಪರೀಕ್ಷೆಯ) ಸರ್ಟಿಫಿಕೇಟ್ ಹಳೆಯದು. ಹೊಸದೇ ಇದ್ದರೂ ಮಷಿನ್ ಬಿಚ್ಚಿ ಸಾಗಿಸಿದ ಮೇಲೆ ಮತ್ತೆ ಮಾಡಿಸಲೇಬೇಕು.

ಕೊನೆಗೆ ಹೀಗೆ ಬರೆಸಿಕೊಂಡೆ: ಅರ್ಧ ಹಣ ಲಾರಿ ಹತ್ತಿಸುವಾಗ, ಉಳಿದರ್ಧ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಕೂರಿಸಿ ಕ್ಯಾಲಿಬ್ರೇಶನ್ ಆದ ಮೇಲೆ. 100 ಕಿಲೋನ್ಯೂಟನ್ ರೇಂಜ್ 1% ಒಳಗೆ ಬರದಿದ್ದರೆ ಮಷಿನ್ ವಾಪಸ್, ಸಾಗಾಣಿಕೆ ಅವನದು. ಡೀಲರ್ ಗೊಣಗಿದ, ಆದರೆ ಸಹಿ ಹಾಕಿದ. ಸೋಮವಾರ ಗವಂಡಿಯನ್ನು ಕರೆಸಿ ಫೌಂಡೇಶನ್ ಗುಂಡಿ ಶುರು ಮಾಡಿಸಬೇಕು, ಕಾಂಕ್ರೀಟ್ ಪೂರ್ತಿ ಗಟ್ಟಿಯಾಗುವವರೆಗೂ ಲಾರಿ ತರಿಸುವುದಿಲ್ಲ.