ಮೆಷಿನ್ ಇದೆ, ಇನ್ಸರ್ಟ್ ಇಲ್ಲ

ಮೆಕ್ಯಾನಿಕಲ್ ಓದಿ ಬರುವ ಹುಡುಗರ ಬಗ್ಗೆ ಪೀಣ್ಯದಲ್ಲಿ ಯಾರನ್ನು ಕೇಳಿದರೂ ಒಂದೇ ಗೊಣಗಾಟ: ಸರ್ಟಿಫಿಕೇಟ್ ಇದೆ, ಕೆಲಸ ಬರಲ್ಲ. ಮೆಷಿನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವ ನಾನೂ ಗೊಣಗುತ್ತೇನೆ. ಆದರೆ ಹುಡುಗರನ್ನು ಬೈದು ಏನು ಪ್ರಯೋಜನ? ಅವರ ಕೈಗೆ ಕಬ್ಬಿಣ ಕೊಟ್ಟು ಕೆಡಿಸಲು ಯಾರೂ ಬಿಟ್ಟಿಲ್ಲ.

ಹೊಸಬರಿಗೆ ನಾನು ಕೊಡುವ ಡ್ರಾಯಿಂಗ್ ತುಂಬಾ ಸರಳ. ಒಂದು ಶಾಫ್ಟ್ (ಗುಂಡನೆಯ ದಂಡ), ಸೈಜು 25 ಎಚ್7 (ಇಂಗ್ಲಿಷಿನ ಸಣ್ಣ ಎಚ್). ಅಂದರೆ ವ್ಯಾಸ 25 ಮಿ.ಮೀ. ದಾಟಬಾರದು, ಕಮ್ಮಿಯಾದರೆ 0.021 ಮಿ.ಮೀ.ಗಿಂತ ಜಾಸ್ತಿ ಕಮ್ಮಿಯಾಗಬಾರದು. ಅಳೆಯಿರಿ ಅಂದರೆ ಬಹಳ ಜನ ವರ್ನಿಯರ್ ಎತ್ತಿಕೊಳ್ಳುತ್ತಾರೆ. ಅದರ ಲೀಸ್ಟ್ ಕೌಂಟೇ, ಅಂದರೆ ಅದು ತೋರಿಸಬಲ್ಲ ಅತಿ ಸಣ್ಣ ಅಳತೆಯೇ 0.02 ಮಿ.ಮೀ.! ಅದರಲ್ಲಿ ಈ ಟಾಲರೆನ್ಸ್ (ಹೆಚ್ಚುಕಮ್ಮಿಗೆ ಬಿಟ್ಟ ಜಾಗ) ಹಿಡಿಯುವುದು ಹೇಗೆ, ಮೈಕ್ರೋಮೀಟರ್ ಬೇಕು, ಇಲ್ಲ ಸೈಜು ಸರಿಯೋ ಇಲ್ಲವೋ ಅಂತಷ್ಟೇ ಹೇಳುವ ಸ್ನ್ಯಾಪ್ ಗೇಜ್ ಬೇಕು. ತಮಾಷೆ ಅಂದರೆ ಲೀಸ್ಟ್ ಕೌಂಟಿನ ಸೂತ್ರ ಕೇಳಿದರೆ ತಟ್ಟನೆ ಹೇಳುತ್ತಾರೆ. ವೈವಾದಲ್ಲಿ ಕೇಳುವುದು ಅದನ್ನೇ ಅಲ್ವಾ.

ಕಾಲೇಜುಗಳಲ್ಲಿ ಮೆಷಿನ್ ಇಲ್ಲ ಅಂತಲ್ಲ. ದೊಡ್ಡ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ತರಿಸಿ, ರಿಬ್ಬನ್ ಕಟ್ ಮಾಡಿ, ಫೋಟೋ ಹಾಕುತ್ತಾರೆ. ಆಮೇಲೆ ಅದು ಓಡಲು ಕಚ್ಚಾ ರಾಡ್ ಬೇಕು, ಕೂಲೆಂಟ್ ಬೇಕು, ಕರೆಂಟ್ ಬಿಲ್ ಕಟ್ಟಬೇಕು, ಮುಖ್ಯವಾಗಿ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ, ಸವೆದರೆ ಬದಲಾಯಿಸುವ ಸಣ್ಣ ಬಿಲ್ಲೆ ಬೇಕು. ಶಾಪಿನಲ್ಲಿ ದಿನಾ ಬಳಸುವ ಸಿಎನ್‌ಎಂಜಿ ಅನ್ನುವ ಬಗೆಯ ಇನ್ಸರ್ಟಿಗೆ ನಾಲ್ಕು ಎಡ್ಜ್ (ಕತ್ತರಿಸುವ ಅಂಚು). ಕಲಿಯುವ ಹುಡುಗ ಒಂದೇ ಬೆಳಿಗ್ಗೆ ನಾಲ್ಕನ್ನೂ ಮುರಿದು ಹಾಕಬಹುದು. ಮುರಿಯಲಿ ಬಿಡಿ! ಆಫ್‌ಸೆಟ್ (ಟೂಲ್ ಎಲ್ಲಿದೆ ಅಂತ ಮೆಷಿನ್ನಿಗೆ ಕೊಡುವ ಅಳತೆ) ತಪ್ಪು ಹಾಕಿದರೆ ಏನಾಗುತ್ತದೆ ಅಂತ ಸಿಮ್ಯುಲೇಟರ್ ಕಲಿಸುವುದಕ್ಕಿಂತ ಇನ್ಸರ್ಟ್ ಮುರಿಯುವ ಆ ಸದ್ದು ಚೆನ್ನಾಗಿ ಕಲಿಸುತ್ತದೆ. ಆದರೆ ಲಕ್ಷಗಟ್ಟಲೆ ಮೆಷಿನ್ನಿಗೆ ಸಹಿ ಹಾಕುವವರು ಒಂದು ಡಬ್ಬ ಇನ್ಸರ್ಟಿಗೆ ಫೈಲ್ ಓಡಾಡಿಸುತ್ತಾರೆ. ಕೊನೆಗೆ ಇನ್ಸ್ಟ್ರಕ್ಟರ್ ಒಬ್ಬರೇ ಓಡಿಸಿ ತೋರಿಸುತ್ತಾರೆ, ಮಿಕ್ಕವರು ಸುತ್ತ ನಿಂತು ನೋಡಿ ರೆಕಾರ್ಡ್ ಬರೆಯುತ್ತಾರೆ.

ಬೇರೆ ರೀತಿ ನಡೆಸಲು ಆಗುವುದಿಲ್ಲ ಅನ್ನಬೇಡಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ನಮ್ಮದೇ ಸರ್ಕಾರಿ ಸಂಸ್ಥೆ. ಅಲ್ಲಿನ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತ ಮೇಲೆ ಒಂದು ವರ್ಷ ಕಂಪನಿಯೊಳಗೇ ತರಬೇತಿ. ಸಂಸ್ಥೆ ಹೊರಗಿನ ಗಿರಾಕಿಗಳ ಕೆಲಸವನ್ನೂ ಮಾಡಿಕೊಡುತ್ತದೆ. ಗಿರಾಕಿಯ ಜಾಬ್ ಅಂದಮೇಲೆ ರಿಜೆಕ್ಷನ್ ಅಂದರೇನು ಅಂತ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ.

2022ರಲ್ಲಿ ರಾಜ್ಯದ 150 ಐಟಿಐಗಳನ್ನು ₹4,700 ಕೋಟಿಗೂ ಜಾಸ್ತಿ ವೆಚ್ಚದಲ್ಲಿ ಹೊಸದು ಮಾಡಿದರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಇರುವುದು ಐದನೇ ವರ್ಷದ್ದು: ಆಗ ಟೂಲಿಂಗಿಗೆ, ಅಂದರೆ ಇನ್ಸರ್ಟಿನಂಥ ಸವೆಯುವ ಟೂಲುಗಳಿಗೆ, ದುಡ್ಡು ಬಜೆಟ್ಟಿನ ಯಾವ ತಲೆಬರಹದಲ್ಲಿ ಬರುತ್ತದೆ? ಈ ವಿಷಯದಲ್ಲಿ ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಲೆಕ್ಕ ನನಗೆ ಇಷ್ಟವಾಯಿತು. ಒಟ್ಟು ₹20 ಲಕ್ಷದಲ್ಲಿ ಅರ್ಧ ಲ್ಯಾಬ್ ಕಟ್ಟಲು, ಅರ್ಧ ಐದು ವರ್ಷ ನಡೆಸಲು. ಕಾಗದದ ಮೇಲಾದರೂ ಯಾರೋ ಯೋಚಿಸಿದ್ದಾರೆ.

ಕಲಿಸುವವರ ವಿಷಯ ಇನ್ನೊಂದು ತಲೆನೋವು. ಕಂಪನಿಯ ಅನುಭವಿಗಳು ಡಾಕ್ಟರೇಟ್ ಇಲ್ಲದೆಯೂ ಪಾಠ ಮಾಡಬಹುದು ಅಂತ 2022ರಲ್ಲೇ ಯುಜಿಸಿ ದಾರಿ ತೆರೆದಿದೆ. ಆದರೆ ಅದರಲ್ಲೂ ದೊಡ್ಡ ಹುದ್ದೆಯವರಿಗೇ ಆದ್ಯತೆ. ಜೀವನವಿಡೀ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತು ರಿಟೈರ್ ಆದ, ಸದ್ದು ಕೇಳಿಯೇ ವೀಲ್ ಡ್ರೆಸ್ ಮಾಡಬೇಕು (ಸಾಣೆ ಚಕ್ರದ ಮುಖ ಹದ ಮಾಡಬೇಕು) ಅಂತ ಹೇಳುವ ಗ್ರೈಂಡರಣ್ಣನನ್ನು, ಅವರಂಥ ಟರ್ನರಣ್ಣ, ಫಿಟ್ಟರಣ್ಣಂದಿರನ್ನು ಯಾರು ಕರೆಯುತ್ತಾರೆ? ವಾರಕ್ಕೆ ಎರಡು ದಿನ ವರ್ಕ್‌ಶಾಪಿಗೆ ಕರೆದು, ಮರ್ಯಾದೆಯ ಸಂಬಳ ಕೊಡಿ ಸಾಕು.

ಪರೀಕ್ಷೆಯನ್ನೂ ಬದಲಾಯಿಸಬೇಕು. ರೆಕಾರ್ಡ್ ಪುಸ್ತಕಕ್ಕೆ ಮಾರ್ಕ್ಸ್ ಯಾಕೆ? ಹುಡುಗಿ ಮಾಡಿದ ಶಾಫ್ಟನ್ನು ಗೇಜಿಗೆ ಹಾಕಿ. ಗೋ ಕಡೆ ಹೋಗಬೇಕು, ನೋ-ಗೋ ಕಡೆ ನಿಲ್ಲಬೇಕು. ಆಗಲಿಲ್ಲವಾ, ಇನ್ನೊಂದು ರಾಡ್ ಕೊಟ್ಟು ಮತ್ತೆ ಮಾಡಿಸಿ.

ಈ ಸಲ ಮಕ್ಕಳನ್ನು ಡಿಪ್ಲೊಮಾಕ್ಕೋ ಬಿಇಗೋ ಸೇರಿಸುವವರು ಕ್ಯಾಂಪಸ್ ನೋಡಲು ಹೋದಾಗ ಒಂದು ಕೆಲಸ ಮಾಡಿ. ಪ್ಲೇಸ್‌ಮೆಂಟ್ ಪಟ್ಟಿ ಆಮೇಲೆ ನೋಡಿ. ಮೊದಲು ವರ್ಕ್‌ಶಾಪಿನ ಸ್ಕ್ರ್ಯಾಪ್ ಡ್ರಮ್ (ಕಡೆದ ಲೋಹದ ಚೂರು, ಕೆಟ್ಟ ಜಾಬ್ ಹಾಕುವ ಡ್ರಮ್) ಎಲ್ಲಿದೆ ಅಂತ ಕೇಳಿ, ಕಳೆದ ವರ್ಷ ಎಷ್ಟು ಕಿಲೋ ಮಾರಿದಿರಿ ಅಂತ ಕೇಳಿ.