ಕೋಳಿ ಭ್ರೂಣದ ಮಿದುಳುಬಳ್ಳಿಯಲ್ಲಿ ಮೈಲಿನ್: ಸ್ಲೈಡ್ ಕೆಲಸ ಎಲ್ಲಿಗೆ ಬಂತು

ನರತಂತುವಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವ ಕೋಶಗಳು ಆಲಿಗೋಡೆಂಡ್ರೊಸೈಟ್‌ಗಳು. ಅವು ಯಾವಾಗ ಹುಟ್ಟುತ್ತವೆ, ಯಾವಾಗ ಮೈಲಿನ್ ಸುತ್ತಲು ಶುರುಮಾಡುತ್ತವೆ ಎಂಬುದನ್ನು ತರಗತಿಯಲ್ಲಿ ತೋರಿಸಬಹುದಾದ ಸ್ಲೈಡ್‌ಗಳು ಬೇಕು. ಮಟನ್ ಅಂಗಡಿಯ ಕುರಿಯ ಮಿದುಳುಬಳ್ಳಿ (ಬೆನ್ನುಹುರಿ) ಇದಕ್ಕೆ ಬಾರದು. ಹುಟ್ಟುತ್ತಲೇ ಎದ್ದು ನಿಲ್ಲುವ ಪ್ರಾಣಿ, ಹೆಚ್ಚಿನ ಕೆಲಸ ಗರ್ಭದಲ್ಲೇ ಮುಗಿದಿರುತ್ತದೆ. ಹುಂಜದ ಜೊತೆ ಬಿಟ್ಟು ಸಾಕಿದ ನಾಟಿ ಕೋಳಿಯ ಮೊಟ್ಟೆಯಾದರೆ 21 ದಿನದೊಳಗೆ ಎಲ್ಲ ಹಂತವೂ ಸಿಗುತ್ತದೆ. ಫಾರಂ ಮೊಟ್ಟೆಯಲ್ಲಿ ಭ್ರೂಣವೇ ಇರುವುದಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಮೊಟ್ಟೆ ಆಮೇಲೆ.

ಕಾವು

37.5 ಡಿಗ್ರಿ, ತೇವಾಂಶ ಶೇ 55ರ ಆಸುಪಾಸು, ದಿನಕ್ಕೆ ಕನಿಷ್ಠ 3 ಸಲ ತಿರುಗಿಸುವುದು. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಕೋಣೆ ತಾನೇ 38 ದಾಟುತ್ತದೆ. ಅಗ್ಗದ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಬರುತ್ತದೆ, ತಣಿಸಲು ಬರುವುದಿಲ್ಲ. ಕರೆಂಟ್ ಹೋಗಿ ಒಂದು ಗಂಟೆ ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತದೆ, 40 ಡಿಗ್ರಿಯನ್ನು ತಡೆಯದು. ಸ್ವಲ್ಪ ಶಾಖ ಹೆಚ್ಚಾದರೂ ಬೆಳವಣಿಗೆ ಮುಂದೋಡುತ್ತದೆ. ಆದ್ದರಿಂದ ಕ್ಯಾಲೆಂಡರ್ ನಂಬದೆ ರೆಕ್ಕೆ, ಕೊಕ್ಕು, ಕಾಲ್ಬೆರಳು ನೋಡಿ ಕೋಳಿ ಭ್ರೂಣದ ಬೆಳವಣಿಗೆಯನ್ನು ಹೊರನೋಟದಿಂದ ವಿಂಗಡಿಸುವ 1951ರ ಹ್ಯಾಂಬರ್ಗರ್–ಹ್ಯಾಮಿಲ್ಟನ್ ಹಂತಗಳ ಪ್ರಕಾರ ಲೇಬಲ್ ಹಾಕುವುದು.

ಬಣ್ಣ

ಶೇ 10ರ ಬಫರ್ಡ್ ಫಾರ್ಮಲಿನ್, ಅಂಗಾಂಶದ 20 ಪಟ್ಟು, ನಂತರ ಪ್ಯಾರಾಫಿನ್ ಮೇಣದಲ್ಲಿ ಕೂರಿಸುವುದು. ಸೆಕ್ಷನ್ (ತೆಳು ಹೋಳು) 10 ಮೈಕ್ರಾನ್ ಇರಲಿ. ಮಾಮೂಲಿ 5 ಮೈಕ್ರಾನ್‌ನಲ್ಲಿ ಎಳೆಯ ಮೈಲಿನ್ ಇದ್ದೂ ಇಲ್ಲದಂತೆ ಕಾಣುತ್ತದೆ.

ಮೈಲಿನ್‌ಗೆ ನೀಲಿ ಹಿಡಿಸುವ ಬಣ್ಣ ಲಕ್ಸಾಲ್ ಫಾಸ್ಟ್ ಬ್ಲೂ 0.1 ಗ್ರಾಂ, ಶೇ 95ರ ಆಲ್ಕೋಹಾಲ್ 100 ಮಿಲಿ, ಶೇ 10ರ ಅಸಿಟಿಕ್ ಆಮ್ಲ ಅರ್ಧ ಮಿಲಿ. ಸ್ಲೈಡನ್ನು ನೀರಿಗೆ ಇಳಿಸದೆ ಶೇ 95ರ ಆಲ್ಕೋಹಾಲಿನಿಂದ ನೇರ ಇದಕ್ಕೆ. ರಾತ್ರಿಯಿಡೀ 58 ಡಿಗ್ರಿ. ಜಾರಿನ ಮುಚ್ಚಳ ಸಡಿಲವಿದ್ದರೆ ಆಲ್ಕೋಹಾಲ್ ಆರಿ, ಬೆಳಿಗ್ಗೆ ಗಾಜಿನ ಮೇಲೆ ನೀಲಿ ಗಸಿ ಕೂತಿರುತ್ತದೆ.

ಕೆಲಸ ಕೆಡುವುದು ಹೆಚ್ಚಾದ ಬಣ್ಣ ಬಿಡಿಸುವಾಗಲೇ. ಶೇ 0.05ರ ಲಿಥಿಯಂ ಕಾರ್ಬೊನೇಟ್‌ನಲ್ಲಿ ಕೆಲವೇ ಸೆಕೆಂಡು, ನಂತರ ಶೇ 70ರ ಆಲ್ಕೋಹಾಲ್, ಮೈಕ್ರೋಸ್ಕೋಪಿನಡಿ ನೋಡಿ ಮತ್ತೆ ಅದ್ದುವುದು. ಬೂದು ಭಾಗ (ನರಕೋಶಗಳಿರುವ ಒಳಭಾಗ) ಬಣ್ಣ ಬಿಟ್ಟು ಬಿಳಿಯಾದ ತಕ್ಷಣ ನಿಲ್ಲಿಸಬೇಕು. ಎಳೆಯ ಭ್ರೂಣದ್ದು ಕ್ಷಣಾರ್ಧದಲ್ಲಿ ಪೂರ್ತಿ ಖಾಲಿಯಾಗುತ್ತದೆ. ಆಗ ಮೈಲಿನ್ ಇರಲಿಲ್ಲವೋ, ನಾವೇ ತೊಳೆದುಬಿಟ್ಟೆವೋ? ಇಲ್ಲಿ ಮಟನ್ ಅಂಗಡಿ ಕೆಲಸಕ್ಕೆ ಬರುತ್ತದೆ: ಪ್ರತಿ ಬ್ಯಾಚಿನಲ್ಲೂ ಕುರಿ ಮಿದುಳುಬಳ್ಳಿಯ ಒಂದು ಸ್ಲೈಡ್. ಅದು ನೀಲಿ ಉಳಿಸಿಕೊಂಡರೆ ಬಣ್ಣ ಸರಿಯಿದೆ.

ಕಂಡದ್ದು

ಕಾವಿನ 10ನೇ ದಿನ ನೀಲಿ ಇಲ್ಲ. ಮೈಲಿನ್ ಶುರುವಾಗುವ 13ರಲ್ಲಿ ಅನುಮಾನದಷ್ಟು. 18ರಲ್ಲಿ ಮುಂಬದಿಯ, ಪಕ್ಕದ ಬಿಳಿ ಕಂಬಗಳಲ್ಲಿ (ನರತಂತುಗಳ ಕಟ್ಟುಗಳಲ್ಲಿ) ಸಣ್ಣ ಸಣ್ಣ ನೀಲಿ ಉಂಗುರಗಳು, ನಡುವೆ ಖಾಲಿ ಚುಕ್ಕಿ. ಆ ಖಾಲಿ ಜಾಗವೇ ನರತಂತು. ಎರಡು ಮೋಸಗಳಿವೆ. ಕೆಂಪು ರಕ್ತಕಣಗಳೂ ನೀಲಿ ಹಿಡಿಯುತ್ತವೆ. ಬಳ್ಳಿಯ ಹೊರಗಿನ ನರಬೇರಿನ ನೀಲಿ ಅಲ್ಲಿ ಮೈಲಿನ್ ಸುತ್ತುವ ಶ್ವಾನ್ ಕೋಶಗಳದ್ದು; ಅವು ನ್ಯೂರಲ್ ಕ್ರೆಸ್ಟಿನಿಂದ (ಭ್ರೂಣದ ನರನಾಳದ ಮೇಲಂಚಿನ ಕೋಶಗಳಿಂದ) ಬಂದವು, ಒಂದು ಕೋಶಕ್ಕೆ ನರತಂತುವಿನ ಒಂದೇ ತುಂಡು. ಒಳಗಿನ ಒಂದು ಆಲಿಗೋಡೆಂಡ್ರೊಸೈಟ್ ಹತ್ತಾರು ತುಂಡುಗಳನ್ನು ಸುತ್ತುತ್ತದೆ. ಸುತ್ತುವ ಬಗೆಯೂ ಗಿರಣಿಯ ಬಾಬಿನ್ನಿಗೆ ನೂಲು ಸುತ್ತಿದಂತಲ್ಲ: ಹೊಸ ಪದರ ಹೊರಗಿನಿಂದ ಕೂಡುವುದಿಲ್ಲ, ಹಳೆಯ ಪದರಗಳ ಅಡಿಯಲ್ಲಿ, ನರತಂತುವಿಗೆ ತಾಗಿ ನುಸುಳುತ್ತದೆ.

10ನೇ ದಿನದ ಬಿಳಿ ಸ್ಲೈಡ್ ನೋಡಿ ‘ಕೋಶವೇ ಇಲ್ಲ’ ಅನ್ನುವುದು ತಪ್ಪು. ಬಳ್ಳಿಯ ಕೆಳಗಿನ ನೋಟೋಕಾರ್ಡ್ (ಭ್ರೂಣದ ಬೆನ್ನಿನ ಸರಳು) ಮತ್ತು ಬಳ್ಳಿಯ ತಳದ ಫ್ಲೋರ್ ಪ್ಲೇಟ್ ಬಿಡುವ ಸೋನಿಕ್ ಹೆಜ್‌ಹಾಗ್ ಎಂಬ ಸಂಕೇತ-ಪ್ರೋಟೀನಿನಿಂದ, ಕೆಳಬದಿಯ ಆಲಿಗ್-2 ವಲಯ (ಆಲಿಗ್-2 ಎಂಬ ಪ್ರೋಟೀನ್ ಇರುವ ಜಾಗ) ಮೊದಲು ಮೋಟಾರ್ ನರಕೋಶಗಳನ್ನು ಕೊಡುತ್ತದೆ. 5–6ನೇ ದಿನದ ಹೊತ್ತಿಗೆ ಅದೇ ವಲಯ ಆಲಿಗೋಡೆಂಡ್ರೊಸೈಟ್‌ಗಳಾಗಲಿರುವ ಪೂರ್ವಕೋಶಗಳತ್ತ ಹೊರಳುತ್ತದೆ. ಅವು ಪಿಡಿಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಉಂಡು ವಿಭಜಿಸುತ್ತ ಬಳ್ಳಿಯೆಲ್ಲ ಹರಡಿಕೊಳ್ಳುತ್ತವೆ. ಥೈರಾಯ್ಡ್ ಹಾರ್ಮೋನು ಪಕ್ವತೆಗೆ ತಳ್ಳುತ್ತದೆ, ನಾಚ್ ಎಂಬ ಕೋಶ-ಕೋಶದ ನಡುವಿನ ಸಂಕೇತ ತಡೆಹಿಡಿಯುತ್ತದೆ. ನರತಂತು ಸಿಗದ ಕೋಶಗಳಲ್ಲಿ ಬಹಳಷ್ಟು ಸಾಯುತ್ತವೆ. ಲಕ್ಸಾಲ್ ನೀಲಿಗೆ ಇದ್ಯಾವುದೂ ಕಾಣದು.

ಮುಂದಿನದು

6–7ನೇ ದಿನದ ಸೆಕ್ಷನ್ ಮೇಲೆ ಆಲಿಗ್-2 ಆಂಟಿಬಾಡಿ, ಅಂದರೆ ಆಲಿಗ್-2ಕ್ಕೇ ಅಂಟಿ ಪೂರ್ವಕೋಶಗಳನ್ನು ತೋರಿಸುವ ಪ್ರೋಟೀನ್. ಫಾರ್ಮಲಿನ್ ಮುಚ್ಚಿಟ್ಟ ಗುರಿ ಆಂಟಿಬಾಡಿಗೆ ಸಿಗಲು ಮೊದಲು 10 ಮಿಲಿಮೋಲಾರ್, ಪಿಎಚ್ 6ರ ಸಿಟ್ರೇಟ್‌ನಲ್ಲಿ ಬಿಸಿ ಮಾಡಬೇಕು. ಕುದಿ ಜೋರಾದರೆ ಭ್ರೂಣದ ಸೆಕ್ಷನ್ ಗಾಜು ಬಿಟ್ಟೇಳುತ್ತದೆ, ಪಾಲಿಲೈಸಿನ್ ಲೇಪದ ಸ್ಲೈಡೇ ಬೇಕು. ಇಲಿ, ಮನುಷ್ಯರಲ್ಲಿ ಹಿಡಿಯುವ ಆಂಟಿಬಾಡಿ ಕೋಳಿಯಲ್ಲೂ ಹಿಡಿಯುತ್ತದೆ ಎಂಬ ಖಾತ್ರಿ ಇಲ್ಲ. ದುಡ್ಡು ಕಟ್ಟುವ ಮುಂಚೆ ಅದರ ಡೇಟಾಶೀಟಿನಲ್ಲಿ ಕೋಳಿಯ ಹೆಸರಿದೆಯೇ ನೋಡಬೇಕು.